ಪಿಡಿಎಫ್‌ನಲ್ಲಿ ಸ್ಟೈಲ್ ಬರ್ತಿಲ್ಲ, ಬ್ರೌಸರ್‌ನಲ್ಲಿ ಎಲ್ಲ ಸರಿ ಇದೆ. ಶುಕ್ರವಾರ ಬಟವಾಡೆ, ಅರ್ಜೆಂಟ್

ಡೈರಿ_ಲೆಕ್ಕ
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ನಮ್ಮೂರ ಹಾಲಿನ ಡೈರಿಗೆ ಬಿಲ್ಲು ಮಾಡೋ ಆ್ಯಪ್ ಬರೆದಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಬಿಲ್ಲು ಒಂದೇ ಪುಟಕ್ಕೆ ಅಚ್ಚುಕಟ್ಟಾಗಿ ಬರುತ್ತೆ. ಸರ್ವರ್‌ಗೆ ಹಾಕಿದ ಮೇಲೆ ಅದೇ ಬಿಲ್ಲು ಮೂರು ಪುಟ ಆಗಿದೆ. ದಿನಾಂಕ ಒಂದು ಸಾಲು, ಅದರ ಕೆಳಗೆ ಲೀಟರ್, ಅದರ ಕೆಳಗೆ ಫ್ಯಾಟ್, ಅದರ ಕೆಳಗೆ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ). ಅದೇ ಸರ್ವರ್‌ನ ಪುಟವನ್ನು ಬ್ರೌಸರ್‌ನಲ್ಲಿ ತೆರೆದರೆ ಚೆನ್ನಾಗೇ ಇದೆ. ಪುಟದ ಬಣ್ಣ, ಜೋಡಣೆ ಹೇಳೋ ಸಿಎಸ್‌ಎಸ್‌ನಲ್ಲಿ ತಪ್ಪಿಲ್ಲ, ಹತ್ತು ಸಲ ನೋಡಿದ್ದೇನೆ.

ಮಲೆನಾಡ_ಪೈಥಾನ್
ಯಾವ ಲೈಬ್ರರಿ ಅಂತ ಹೇಳದೆ ಹೇಗೆ ಹೇಳೋದು?

ಡೈರಿ_ಲೆಕ್ಕ
ಆ್ಯಪ್ ಪೈಥಾನ್‌ನ ಜ್ಯಾಂಗೊದಲ್ಲಿದೆ, ಪುಟವನ್ನು ಪಿಡಿಎಫ್ ಮಾಡೋದು ವೀಸಿಪ್ರಿಂಟ್. ಸಾಲುಗಳೆಲ್ಲ ಡಿವ್ (ಬರೀ ಪೆಟ್ಟಿಗೆ), ಪಕ್ಕಪಕ್ಕ ನಿಲ್ಲಿಸೋಕೆ ಸಿಎಸ್‌ಎಸ್‌ನ ಫ್ಲೆಕ್ಸ್ ಹಾಕಿದ್ದೇನೆ.

ಟೇಬಲ್_ಭಕ್ತ
ಸಿಕ್ತು ನೋಡಿ. ಪಿಡಿಎಫ್‌ಗೆ ಫ್ಲೆಕ್ಸ್ ಹಾಕಲೇಬಾರದು. ಲೆಕ್ಕದ ಪಟ್ಟಿ ಅಂದ್ರೆ ಟೇಬಲ್. ಡಿವ್ ತೆಗೆದು ಟೇಬಲ್ ಹಾಕಿ, ಸರಿ ಹೋಗುತ್ತೆ.

ಮಲೆನಾಡ_ಪೈಥಾನ್
ವೀಸಿಪ್ರಿಂಟ್‌ಗೆ ಫ್ಲೆಕ್ಸ್ ಬಂದು ವರ್ಷಗಳಾದವು. ಅವರ ಲ್ಯಾಪ್‌ಟಾಪ್‌ನಲ್ಲಿ ಬರ್ತಿದೆ ಅಲ್ವಾ?

ಟೇಬಲ್_ಭಕ್ತ
ಲ್ಯಾಪ್‌ಟಾಪ್‌ನಲ್ಲಿ ಹೊಸ ಆವೃತ್ತಿ, ಸರ್ವರ್‌ನಲ್ಲಿ ಹಳೆಯದು ಇರಬಹುದು. ಆವೃತ್ತಿ ಹೇಳಿ.

ಡೈರಿ_ಲೆಕ್ಕ
ಎರಡೂ ಕಡೆ ಒಂದೇ, ಈಗಷ್ಟೇ ನೋಡಿದೆ. ಆದರೂ ನಿಮ್ಮ ಮಾತಿಗೆ ಒಂದು ಬಿಲ್ಲು ಟೇಬಲ್‌ಗೆ ಬದಲಾಯಿಸಿದೆ. ಅಂಕಣ ಬಂತು, ಗೆರೆ ಬರಲಿಲ್ಲ.

ಟೇಬಲ್_ಭಕ್ತ
ಅಂಕಣ ಬಂತಲ್ಲ! ಗೆರೆಗೆ ಸಿಎಸ್‌ಎಸ್‌ನಲ್ಲಿ ಬಾರ್ಡರ್ ಹಾಕಿ.

ಬಯಲು_ಸೀಮೆ
ಇಷ್ಟೆಲ್ಲ ಯಾಕೆ? ವೀಸಿಪ್ರಿಂಟ್ ಬದಲು ಡಬ್ಲ್ಯುಕೆಎಚ್‌ಟಿಎಮ್‌ಎಲ್‌ಟುಪಿಡಿಎಫ್ ಹಾಕಿ. ನಮ್ಮ ಆಫೀಸಿನ ಮೂಲೆಯ ಹಳೆ ಪೆಟ್ಟಿಗೆಯಲ್ಲಿ ಆರು ವರ್ಷದಿಂದ ಓಡ್ತಿದೆ. ಒಂದು ದಿನವೂ ನಿಂತಿಲ್ಲ.

ಮಲೆನಾಡ_ಪೈಥಾನ್
ಅದರ 0.12.6 ಆವೃತ್ತಿ ಬಂದಿದ್ದು 2020ರಲ್ಲಿ, 2023ರಲ್ಲಿ ಅದರ ಕೋಡ್ ಇರೋ ಗಿಟ್‌ಹಬ್‌ನಲ್ಲಿ ಬೀಗ ಹಾಕಿದರು. ಒಳಗಿರೋದು ಹಳೇ ವೆಬ್‌ಕಿಟ್, ಅಂದ್ರೆ ಹಳೇ ಬ್ರೌಸರ್ ಎಂಜಿನ್. ಹೊಸದಾಗಿ ಶುರು ಮಾಡೋರಿಗೆ ಅದನ್ನು ಹೇಳಬೇಡಿ ಸರ್.

ಬಯಲು_ಸೀಮೆ
ಓಡೋ ಗಾಡಿನ ಯಾಕೆ ಮಾರಬೇಕು? ಒತ್ತಕ್ಷರ ಸಹ ಸರಿಯಾಗಿ ಬರುತ್ತೆ. ಪಿಎಚ್‌ಪಿಯ ಡಾಂಪಿಡಿಎಫ್‌ನಲ್ಲಿ ಒತ್ತು ಒಡೆದು ಪಕ್ಕದಲ್ಲಿ ನಿಲ್ಲುತ್ತೆ, ಅದನ್ನು ಬೇಕಾದ್ರೆ ಬೈಯಿರಿ.

ಕಾವಲಿ_ದೋಸೆ
ಡೈರಿಯವರೇ, ಒಂದು ಕೇಳ್ತೀನಿ. ಬಿಲ್ಲಿನ ತಲೆಬರಹಕ್ಕೆ ಬಣ್ಣ ಇದೆಯಾ? ಸರ್ವರ್‌ನ ಪಿಡಿಎಫ್‌ನಲ್ಲಿ ಆ ಬಣ್ಣ ಬಂದಿದೆಯಾ? ಕನ್ನಡ ಅಕ್ಷರ ಹೇಗಿದೆ?

ಡೈರಿ_ಲೆಕ್ಕ
ಹಸಿರು ಇರಬೇಕಿತ್ತು, ಕಪ್ಪಾಗಿದೆ. ಅಕ್ಷರ ಸರಿ ಇದೆ, ನೋಟೋ ಫಾಂಟ್ ಸರ್ವರ್‌ನಲ್ಲೇ ಹಾಕಿದ್ದೇನೆ. ಸಂಘದ ಲೋಗೋನೂ ಇಲ್ಲ. ಅದೂ ಅಲ್ಲದೆ ಪಿಡಿಎಫ್ ಬರೋಕೆ ಇಪ್ಪತ್ತು ಸೆಕೆಂಡ್ ಮೇಲಾಗುತ್ತೆ, ಆದ್ರೆ ಅದು ಸಣ್ಣ ಸರ್ವರ್ ಅಂತ ಸುಮ್ನಿದ್ದೆ.

ಕಾವಲಿ_ದೋಸೆ
ಇದನ್ನು ಮೊದಲೇ ಹೇಳಿದ್ರೆ ಚೆನ್ನಾಗಿತ್ತು! ಫ್ಲೆಕ್ಸ್ ಕೆಟ್ಟಿದ್ರೆ ಅಂಕಣ ಮಾತ್ರ ಕೆಡಬೇಕಿತ್ತು, ಬಣ್ಣ ಹೋಗುತ್ತಿರಲಿಲ್ಲ. ಸಿಎಸ್‌ಎಸ್ ಫೈಲೇ ಅದರ ಕೈಗೆ ಸಿಕ್ಕಿಲ್ಲ. ವೀಸಿಪ್ರಿಂಟ್ ಒಂದು ಫೈಲಿಗೆ 10 ಸೆಕೆಂಡ್ ಕಾಯುತ್ತೆ, ಬರದಿದ್ರೆ ಬಿಟ್ಟು ಮುಂದೆ ಹೋಗುತ್ತೆ. ಸಿಎಸ್‌ಎಸ್‌ಗೆ 10, ಲೋಗೋಗೆ 10. ಸರ್ವರ್‌ನಲ್ಲಿ ಜ್ಯಾಂಗೊ ಓಡಿಸೋ ಗೂನಿಕಾರ್ನ್‌ನಲ್ಲಿ ಎಷ್ಟು ವರ್ಕರ್ (ಕೋರಿಕೆಗೆ ಉತ್ತರ ಕೊಡೋ ಕೆಲಸಗಾರ)? ಸಿಎಸ್‌ಎಸ್, ಲೋಗೋ ಥರದ ಸ್ಟ್ಯಾಟಿಕ್ ಫೈಲ್ ಯಾರು ಕೊಡ್ತಾರೆ? ಫೈಲು ಎಲ್ಲಿಂದ ಹುಡುಕಬೇಕು ಅಂತ ಹೇಳೋ ಬೇಸ್ ಯುಆರ್‌ಎಲ್ ಏನು ಕೊಟ್ಟಿದ್ದೀರಿ?

ಡೈರಿ_ಲೆಕ್ಕ
ವರ್ಕರ್ ಸಂಖ್ಯೆ ಏನೂ ಕೊಟ್ಟಿಲ್ಲ. ಫೈಲು ಕೊಡೋದು ಜ್ಯಾಂಗೊ ಒಳಗಿನ ವೈಟ್‌ನಾಯ್ಸ್, ಎಂಜಿನ್‌ಎಕ್ಸ್‌ನಂಥ ಬೇರೆ ವೆಬ್ ಸರ್ವರ್ ಇಲ್ಲ. ಬೇಸ್ ಯುಆರ್‌ಎಲ್ ನಮ್ಮ ಸೈಟಿನ ವಿಳಾಸವೇ.

ಕಾವಲಿ_ದೋಸೆ
ಕೊಡದಿದ್ರೆ ಒಂದೇ ವರ್ಕರ್. ಆ ವರ್ಕರ್ ಪಿಡಿಎಫ್ ಮಾಡ್ತಾ ಕೂತಿದೆ. ನಡುವೆ ಸಿಎಸ್‌ಎಸ್ ಬೇಕು ಅಂತ ನಿಮ್ಮದೇ ಸೈಟಿಗೆ ಫೋನ್ ಹಚ್ಚುತ್ತೆ. ಎತ್ತೋಕೆ ಇನ್ನೊಬ್ಬ ಇಲ್ಲ. ಡೈರಿಯಲ್ಲಿ ಹಾಲು ಅಳೆಯೋನು ಒಬ್ಬನೇ ಇದ್ದು, ಅವನೇ ಕ್ಯಾನ್ ಹಿಡಿದು ಕ್ಯೂನಲ್ಲಿ ನಿಂತ ಹಾಗೆ. ಬ್ರೌಸರ್‌ನಲ್ಲಿ ತೆರೆದಾಗ ಪುಟ ಕೊಟ್ಟು ಕೈ ಖಾಲಿಯಾಗಿರುತ್ತೆ, ಅದಕ್ಕೇ ಸಿಎಸ್‌ಎಸ್ ಸಿಗುತ್ತೆ. ಲ್ಯಾಪ್‌ಟಾಪ್‌ನಲ್ಲಿ ಜ್ಯಾಂಗೊದ ರನ್‌ಸರ್ವರ್‌ಗೆ ಥ್ರೆಡ್ ಇದೆ, ಒಟ್ಟಿಗೆ ಹಲವು ಕೋರಿಕೆ ನೋಡುತ್ತೆ, ಅದಕ್ಕೇ ಅಲ್ಲಿ ತೊಂದರೆ ಇಲ್ಲ.

ಬಯಲು_ಸೀಮೆ
ವರ್ಕರ್ ಎರಡು ಮಾಡಿದ್ರೆ ಮುಗೀತಲ್ಲ.

ಕಾವಲಿ_ದೋಸೆ
ಇಬ್ಬರು ಒಟ್ಟಿಗೆ ಬಿಲ್ಲು ಒತ್ತಿದ್ರೆ ಎರಡೂ ಸಿಕ್ಕಿಹಾಕಿಕೊಳ್ಳುತ್ತೆ. ಬಟವಾಡೆ ದಿನ ಹಾಗೇ ಆಗೋದು. ನೆಟ್‌ವರ್ಕ್ ದಾರಿಯೇ ಬೇಡ. ಸಿಎಸ್‌ಎಸ್ ಫೈಲನ್ನು ಡಿಸ್ಕಿನ ದಾರಿ ಕೊಟ್ಟು ನೇರವಾಗಿ ಕೊಡಿ. ಎಚ್‌ಟಿಎಮ್‌ಎಲ್ ಒಳಗಿನ ಸಿಎಸ್‌ಎಸ್ ಲಿಂಕ್ ತೆಗೆಯಿರಿ. ಬೇಸ್ ಯುಆರ್‌ಎಲ್‌ಗೆ ಸ್ಟ್ಯಾಟಿಕ್ ಫೋಲ್ಡರ್. ಲೋಗೋ ದಾರಿಯ ಮುಂದಿನ ಓರೆಗೆರೆ (/) ತೆಗೆಯೋದು ಮರೀಬೇಡಿ, ಇಲ್ಲದಿದ್ರೆ ಡಿಸ್ಕಿನ ಬುಡದಿಂದ ಹುಡುಕುತ್ತೆ. ಹಾಗೇ ವೀಸಿಪ್ರಿಂಟ್‌ನ ದೂರುಗಳು ಕಾಣೋ ಹಾಗೆ ಅದರ ಲಾಗರ್‌ಗೆ ಹ್ಯಾಂಡ್ಲರ್ ಸೇರಿಸಿ. ಜ್ಯಾಂಗೊ ಒಳಗಿದ್ದಾಗ ಅದು ತಾನಾಗಿ ಏನೂ ಹೇಳಲ್ಲ, ಎರಡು ದಿನ ಹೋಗಿದ್ದು ಅದಕ್ಕೇ.

ಡೈರಿ_ಲೆಕ್ಕ
ಬಂತು! ಹಸಿರು, ಲೋಗೋ, ಒಂದೇ ಪುಟ, ಎರಡು ಸೆಕೆಂಡ್. ಮೊದಲು ಲಾಗ್ ಹಾಕಿ ಹಳೇದನ್ನೇ ಓಡಿಸಿದೆ, ಸ್ಟೈಲ್‌ಶೀಟ್ ಸಿಗಲಿಲ್ಲ, ಟೈಮ್ ಔಟ್ ಅಂತ ಎರಡು ಸಾಲು ಕಣ್ಣಿಗೆ ಕಂಡಿತು. ತುಂಬಾ ಉಪಕಾರ ಆಯ್ತು. ಪುಟದ ಸಂಖ್ಯೆಗೆ ಸಿಎಸ್‌ಎಸ್‌ನ ಕೌಂಟರ್ ಜೊತೆ ಕನ್ನಡ ಅಂತ ಬರೆದೆ, ೧, ೨, ೩ ಅಂತಲೇ ಬಂತು. ಕಾರ್ಯದರ್ಶಿಯವರಿಗೆ ತೋರಿಸಿದೆ, ಖುಷಿಯಾದರು.

ಇನ್ನೊಂದು. ಎಲ್ಲ ಸದಸ್ಯರ ಬಟವಾಡೆ ಪಟ್ಟಿ ಒಂಬತ್ತು ಪುಟ. ಎರಡನೇ ಪುಟದಿಂದ ಅಂಕಣದ ಹೆಸರು ಬರ್ತಿಲ್ಲ. ಯಾವುದು ಫ್ಯಾಟ್, ಯಾವುದು ದರ ಅಂತ ತಿಳಿಯಲ್ಲ.

ಟೇಬಲ್_ಭಕ್ತ
ಅದೂ ಡಿವ್‌ನಲ್ಲೇ ಇದೆಯಾ?

ಡೈರಿ_ಲೆಕ್ಕ
ಹೌದು.

ಟೇಬಲ್_ಭಕ್ತ
ಟೇಬಲ್ ಮಾಡಿ, ಹೆಸರುಗಳನ್ನು ಟಿಹೆಡ್ (ಟೇಬಲ್‌ನ ತಲೆಭಾಗ) ಒಳಗಿಡಿ. ಪ್ರತಿ ಪುಟದ ಮೇಲೂ ಅದೇ ಮತ್ತೆ ಬರುತ್ತೆ. ಡಿವ್‌ಗೆ ಆ ಗುಣ ಇಲ್ಲ.

ಕಾವಲಿ_ದೋಸೆ
ಇದು ಅವರು ಹೇಳಿದ್ದೇ ಸರಿ. ಸಾಲು ನಡುವೆ ಮುರಿಯದ ಹಾಗೆ ಬ್ರೇಕ್ ಇನ್‌ಸೈಡ್ ಅವಾಯ್ಡ್ ಕೂಡ ಹಾಕಿ.