ಫೈಲ್‌ಗಳಿಗೆ ಕೀಲಿ ಬಿದ್ದಿದೆ, ರೊಕ್ಕ ಕೊಡಬೇಕಾ?

ಪ್ರಶ್ನೆ (ಇಳಕಲ್): ನಮಸ್ಕಾರ ಸರ್. ನಮ್ಮದು ಸೀರೆ ಅಂಗಡಿ. ಮೊನ್ನೆ ಮಗ ಡಿಸೈನ್ ಸಾಫ್ಟ್‌ವೇರ್ ಒಂದು ಫ್ರೀ ಸಿಗುತ್ತದೆ ಅಂತ ಡೌನ್‌ಲೋಡ್ ಮಾಡಿದ. ಬೆಳಿಗ್ಗೆ ನೋಡಿದರೆ ಬಿಲ್, ಸೀರೆ ಫೋಟೊ, ನೇಕಾರರ ಮಜೂರಿ ಲೆಕ್ಕ ಯಾವುದೂ ತೆರೆಯುತ್ತಿಲ್ಲ. ಫೈಲ್ ಹೆಸರಿನ ಕೊನೆಗೆ ನಾಲ್ಕು ಅಕ್ಷರ ಹೊಸದಾಗಿ ಸೇರಿವೆ. ಡಾಲರ್ ಕೇಳಿ ಒಂದು ಚೀಟಿಯೂ ಇದೆ. ಬ್ಯಾಕಪ್ ಹಾರ್ಡ್‌ಡಿಸ್ಕ್ ಸದಾ ಕಂಪ್ಯೂಟರ್‌ಗೆ ಹಚ್ಚಿಯೇ ಇರುತ್ತಿತ್ತು, ಅದೂ ಹೋಯಿತು. ರೊಕ್ಕ ಕೊಟ್ಟುಬಿಡಲಾ?

ಉತ್ತರ (ಕಂಪ್ಯೂಟರ್ ಸರ್ವಿಸ್, ಬೆಳಗಾವಿ): ಬೇಡ ಅಕ್ಕಾ. ರೊಕ್ಕ ಕೊಟ್ಟರೂ ಫೈಲ್ ಸಿಗುವ ಖಾತ್ರಿ ಇಲ್ಲ.

ಇದು ರ್‍ಯಾನ್ಸಮ್‌ವೇರ್. ಅಂದರೆ ಫೈಲ್‌ಗೆ ಕೀಲಿ ಹಾಕಿ, ಬಿಡಿಸಲು ರೊಕ್ಕ ಕೇಳುವ ವೈರಸ್. ಫೈಲ್ ಎಲ್ಲೂ ಹೋಗಿರುವುದಿಲ್ಲ, ಇದ್ದಲ್ಲೇ ಕೀಲಿ ಬಿದ್ದಿರುತ್ತದೆ. ಕೀಲಿಕೈ ಅವರ ಹತ್ತಿರ. ಮೊದಲು ನೆಟ್ ವಯರ್ ತೆಗೆಯಿರಿ, ವೈಫೈ ಬಂದ್ ಮಾಡಿ. ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ. ಬೇರೆ ಕಂಪ್ಯೂಟರ್‌ನಲ್ಲಿ ‘ನೋ ಮೋರ್ ರ್‍ಯಾನ್ಸಮ್’ ಸೈಟ್ ತೆಗೆದು ಒಂದು ಫೈಲ್, ಆ ಚೀಟಿ ಹಾಕಿ ನೋಡಿ. ಯುರೋಪೋಲ್ (ಯುರೋಪಿನ ಪೊಲೀಸ್ ಸಂಸ್ಥೆ), ನೆದರ್‌ಲ್ಯಾಂಡ್ಸ್ ಪೊಲೀಸರು ಎಲ್ಲ ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ಬಗೆಯ ರ್‍ಯಾನ್ಸಮ್‌ವೇರ್‌ಗೆ ಕೀಲಿಕೈ ಪುಕ್ಕಟೆ ಸಿಗುತ್ತದೆ. ಇವತ್ತು ಸಿಗದಿದ್ದರೂ ಡಿಸ್ಕ್ ಎಸೆಯಬೇಡಿ, ಮುಂದೆ ಸಿಗಬಹುದು. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಇಂಥ ಕ್ರ್ಯಾಕ್ (ಲೈಸೆನ್ಸ್ ಮುರಿದು ಪುಕ್ಕಟೆ ಹಂಚುವ) ಸಾಫ್ಟ್‌ವೇರ್ ಜೊತೆ ಪಾಸ್‌ವರ್ಡ್ ಕದಿಯುವ ವೈರಸ್ಸೂ ಬಂದಿರಬಹುದು. ಹಾಗಾಗಿ ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ನಿಮ್ಮ ಮೊಬೈಲ್‌ನಿಂದ ಇವತ್ತೇ ಬದಲಿಸಿ.

ಮಗನನ್ನು ಬೈಯಬೇಡಿ. ನನಗೆ ಜಾಸ್ತಿ ಸಂಕಟವಾದದ್ದು ಆ ಹಾರ್ಡ್‌ಡಿಸ್ಕ್ ಸುದ್ದಿ ಕೇಳಿ. ಹಚ್ಚಿಟ್ಟ ಡಿಸ್ಕ್ ಆ ವೈರಸ್‌ಗೆ ಇನ್ನೊಂದು ಫೋಲ್ಡರ್ ಇದ್ದಂತೆ, ಒಂದೇ ಓಟದಲ್ಲಿ ಕೀಲಿ ಹಾಕುತ್ತದೆ. ಮುಂದೆ ಎರಡು ಡಿಸ್ಕ್ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಅಂಗಡಿ ಮುಚ್ಚುವಾಗ ಒಂದಕ್ಕೆ ಕಾಪಿ ಮಾಡಿ, ಕಿತ್ತು, ಮನೆಯ ತಿಜೋರಿಯಲ್ಲಿಡಿ. ಮುಂದಿನ ವಾರ ಇನ್ನೊಂದು. ತಿಂಗಳಿಗೊಮ್ಮೆ ಆ ಕಾಪಿಯಿಂದ ಹಳೆ ಬಿಲ್ ಒಂದನ್ನು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ನಂಬಿ ಅತ್ತವರನ್ನು ನಾನು ಕಂಡಿದ್ದೇನೆ.

ಪ್ರಶ್ನೆ (ವಿಜಯಪುರ): ಸರ್, ನಮ್ಮ ಒಣದ್ರಾಕ್ಷಿ ಗೋಡೌನ್‌ನಲ್ಲಿ ವಿಂಡೋಸ್ 7 ಇದೆ. ಅಪ್‌ಡೇಟ್ ಬಂದ್ ಇಟ್ಟಿದ್ದೇವೆ. ಸುಮ್ನೆ ಸಿಕ್ಕಿದ್ದನ್ನು ಯಾರೂ ಒತ್ತುವುದಿಲ್ಲ. ಸಾಕಲ್ವಾ?

ಉತ್ತರ: ಸಾಲದು ಅಣ್ಣಾ. 2017ರ ಮೇ ತಿಂಗಳಲ್ಲಿ ವಾನ್ನಕ್ರೈ ಎಂಬ ರ್‍ಯಾನ್ಸಮ್‌ವೇರ್ ಬಂದಾಗ ಯಾರೂ ಏನೂ ಒತ್ತಬೇಕಾಗಿರಲಿಲ್ಲ. ನೆಟ್‌ವರ್ಕ್‌ನಲ್ಲಿ ತಾನೇ ಹರಿದು ಸುಮಾರು 150 ದೇಶ ಮುಟ್ಟಿತು. ಮೈಕ್ರೋಸಾಫ್ಟ್ ಆ ಕಂಡಿ ಮುಚ್ಚುವ ಅಪ್‌ಡೇಟ್ ಅನ್ನು ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 7ಕ್ಕೆ 2020ರ ಜನವರಿಗೇ ಅಪ್‌ಡೇಟ್ ನಿಂತಿದೆ. ಲೆಕ್ಕದ ಕಂಪ್ಯೂಟರ್ ಬದಲಿಸಿ. ಅಲ್ಲಿಯವರೆಗೆ ಅದಕ್ಕೆ ನೆಟ್ ಕೊಡಬೇಡಿ.

ಇಳಕಲ್ ಅಕ್ಕಾ, ಆ ನಾಲ್ಕು ಅಕ್ಷರ ಯಾವುವು ಇಲ್ಲಿ ಬರೆಯಿರಿ. ರಾತ್ರಿಯೇ ನೋಡಿ ಹೇಳುತ್ತೇನೆ.