ಯೂರೋ ಬೇಡವೆಂದ ಡೆನ್ಮಾರ್ಕ್ ಕ್ರೋನೆಯನ್ನು ಯೂರೋಗೇ ಯಾಕೆ ಕಟ್ಟಿದೆ?

ಲೆಕ್ಕಪತ್ರ: 2000ರ ಸೆಪ್ಟೆಂಬರ್ 28ರ ಜನಮತಗಣನೆಯಲ್ಲಿ ಡೇನರು ಯೂರೋ ಬೇಡ ಎಂದರು. ಆದರೂ ಅವರ ನಾಣ್ಯ ಕ್ರೋನೆಯ ದರ ಯೂರೋ ಎದುರು ಅಲುಗಾಡುವುದೇ ಇಲ್ಲ. ಇದನ್ನು ಹಿಡಿದಿಡುವುದು ಹೇಗೆ? ಹಾಗಾದರೆ ಸ್ವಂತ ನಾಣ್ಯ ಇಟ್ಟುಕೊಂಡು ಏನು ಉಪಯೋಗ?

ದರಸೂಚಿ: ಒಂದು ಯೂರೋಗೆ 7.46038 ಕ್ರೋನೆ, ಇದು ಮಧ್ಯದರ. ಯೂರೋಪಿಯನ್ ಸೆಂಟ್ರಲ್ ಬ್ಯಾಂಕ್ ಜೊತೆಗಿನ ಒಪ್ಪಂದದ ಪ್ರಕಾರ ಶೇ. 2.25ರಷ್ಟು ಮೇಲೆ ಕೆಳಗೆ ಹೋಗಬಹುದು, ಅಂದರೆ 7.29252ರಿಂದ 7.62824. ಅಷ್ಟು ದೂರ ಹೋಗಲು ಬಿಡುವುದೇ ಇಲ್ಲ, ಸಾಮಾನ್ಯವಾಗಿ 7.43–7.47ರಲ್ಲೇ ಇರುತ್ತದೆ.

ಕ್ರೋನೆಗೆ ಬೇಡಿಕೆ ಹೆಚ್ಚಿದರೆ ಅಲ್ಲಿನ ಕೇಂದ್ರ ಬ್ಯಾಂಕ್ ಕ್ರೋನೆ ಮಾರಿ ಯೂರೋ ಕೊಳ್ಳುತ್ತದೆ. ಒತ್ತಡ ಮುಂದುವರಿದರೆ ಆಮೇಲೆ ಬಡ್ಡಿದರಕ್ಕೆ ಕೈ ಹಾಕುತ್ತದೆ. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕ್ ತನ್ನ ಫ್ರಾಂಕ್ ಯೂರೋ ಎದುರು ಹೆಚ್ಚು ಏರದಂತೆ ಹಾಕಿದ್ದ ಮಿತಿ ಕೈಬಿಟ್ಟಾಗ ‘ಮುಂದಿನ ಸರದಿ ಕ್ರೋನೆ’ ಎಂದು ಹಣ ನುಗ್ಗಿತು. ಜನವರಿ 19ರಿಂದ ಫೆಬ್ರವರಿ 5ರೊಳಗೆ ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿಡುವ ಠೇವಣಿಯ ಬಡ್ಡಿದರವನ್ನು ನಾಲ್ಕು ಸಲ ಇಳಿಸಿ ಮೈನಸ್ ಶೇ. 0.75ಕ್ಕೆ ತಂದರು. ಎರಡು ತಿಂಗಳಲ್ಲಿ ಸುಮಾರು 275 ಶತಕೋಟಿ ಕ್ರೋನೆಯಷ್ಟು ವಿದೇಶಿ ವಿನಿಮಯ ಕೊಂಡರು. ವಿದೇಶಿಗರು ಕೊಳ್ಳಲು ಹೊಸ ಬಾಂಡೇ ಸಿಗದಂತೆ ಸರ್ಕಾರಿ ಬಾಂಡ್ ಹರಾಜನ್ನೂ ನಿಲ್ಲಿಸಿದರು! ವಸಂತದ ಹೊತ್ತಿಗೆ ಹಣ ವಾಪಸ್ ಹೊರಟಿತು.

ತಕ್ಕಡಿ: ಅದು ಸುಲಭದ ದಿಕ್ಕು, ಕ್ರೋನೆ ಎಷ್ಟು ಬೇಕಾದರೂ ಸೃಷ್ಟಿಸಬಹುದು. ನಿಜವಾದ ಪರೀಕ್ಷೆ ಉಲ್ಟಾ ಒತ್ತಡದಲ್ಲಿ, ಅಂದರೆ ಎಲ್ಲರೂ ಕ್ರೋನೆ ಮಾರತೊಡಗಿದಾಗ, ಏಕೆಂದರೆ ಮಾರಲು ಇರುವ ಯೂರೋಗೆ ಮಿತಿಯಿದೆ. 2008ರ ಅಕ್ಟೋಬರ್‌ನಲ್ಲಿ ಯೂರೋ ದೇಶಗಳಲ್ಲಿ ಬಡ್ಡಿ ಇಳಿಯುತ್ತಿದ್ದರೆ ಡೆನ್ಮಾರ್ಕ್ ಶೇ. 5.5ಕ್ಕೆ ಏರಿಸಬೇಕಾಯಿತು. ಆರ್ಥಿಕತೆ ಕುಸಿಯುತ್ತಿರುವಾಗ ಸಾಲ ದುಬಾರಿ ಮಾಡುವುದು, ಈ ಕಟ್ಟುಪಾಡಿಗೆ ತೆರುವ ಬೆಲೆ.

ಸ್ವಿಸ್ ಮಿತಿಗೂ ಇದಕ್ಕೂ ಒಂದು ವ್ಯತ್ಯಾಸ ಗಮನಿಸಿ: ಅದು ಒಂದೇ ಬ್ಯಾಂಕಿನ ಘೋಷಣೆ. ಇದು ಯೂರೋಪಿಯನ್ ಸೆಂಟ್ರಲ್ ಬ್ಯಾಂಕ್ ಜೊತೆಗಿನ ಒಪ್ಪಂದ. ದರ ಅಂಚಿಗೆ ಬಂದರೆ ಅವರೂ ಮಧ್ಯೆ ಬರಬೇಕು.

ಲೆಕ್ಕಪತ್ರ: ಸರಿ, ಎರಡನೇ ಪ್ರಶ್ನೆ ಹಾಗೇ ಉಳಿಯಿತು.

ದರಸೂಚಿ: ಬಡ್ಡಿದರದಲ್ಲಿ ಸ್ವಾತಂತ್ರ್ಯ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಯೂರೋ ಬಡ್ಡಿ ನಿರ್ಧರಿಸುವ ಮಂಡಳಿಯಲ್ಲಿ ಡೆನ್ಮಾರ್ಕಿಗೆ ಮತವೂ ಇಲ್ಲ, ನನಗೆ ಇದೇ ದೊಡ್ಡ ಕೊರತೆ ಅನಿಸುತ್ತದೆ. ಹಾಗಾಗಿ ಬೆಲೆ ಏರಿಕೆ, ನಿರುದ್ಯೋಗ ಸಂಭಾಳಿಸಲು ಉಳಿಯುವುದು ಬಜೆಟ್ ಮಾತ್ರ. ಬದಲಿಗೆ ಸಿಗುವುದು ಜರ್ಮನಿಯಂಥ ಗಿರಾಕಿಗಳಿಗೆ ಮಾರುವ ರಫ್ತುದಾರರಿಗೆ ವಿನಿಮಯದ ನೆಮ್ಮದಿ, ನೋಟು ಮುದ್ರಣದ ಲಾಭ, ಮತ್ತು ಬೇಕೆಂದರೆ ಕಟ್ಟು ಬಿಚ್ಚಿಕೊಳ್ಳುವ ಹಕ್ಕು. ಯೂರೋ ಸೇರಿದವರಿಗೆ ಆ ಬಾಗಿಲಿಲ್ಲ.