ಪದ ಬೇಕು: ‘ಬೈ ವೆಯ್ಟ್’, ‘ಬೈ ವಾಲ್ಯೂಮ್’ (ಡಾರ್ಕ್‌ರೂಮ್ ಗೋಡೆಗೆ, ಶುಕ್ರವಾರದೊಳಗೆ)

ಗೆಳೆಯರೇ,

ಉಡುಪಿಯಲ್ಲಿ ನಾವು ನಾಲ್ಕೈದು ಜನ ಸೇರಿ ಹಳೇ ಸ್ಟುಡಿಯೋ ಒಂದರ ಡಾರ್ಕ್‌ರೂಮನ್ನು ಮತ್ತೆ ಶುರು ಮಾಡಿದ್ದೇವೆ. ಕಪ್ಪು-ಬಿಳುಪು ರೀಲು ತೊಳೆಯುವುದನ್ನು ಕಲಿಯಲಿಕ್ಕೆ ಕಾಲೇಜು ಮಕ್ಕಳು ಬರ್ತಾರೆ. ರೀಲಿನಲ್ಲಿ ಚಿತ್ರ ಮೂಡಿಸುವ ದ್ರಾವಣ, ಡೆವಲಪರನ್ನು ಅಲ್ಲೇ ಕಲಸುವುದು. ನಮ್ಮ ಡೆವಲಪರ್ ಡಿ-76: ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೊರಾಕ್ಸ್ 2, ನೀರು ಸೇರಿ ಒಟ್ಟು 1 ಲೀಟರ್. ಪುಡಿಗಳಿಗೆ ತಕ್ಕಡಿ, ದ್ರವಗಳಿಗೆ ಗೆರೆ ಹಾಕಿದ ಜಾಡಿ.

ಈಗಿನ ಬೋರ್ಡಿನಲ್ಲಿ ‘ಎಲ್ಲವನ್ನೂ ಸರಿಯಾಗಿ ಅಳತೆ ಮಾಡಿ’ ಎಂದಿದೆ. ಅದನ್ನು ಓದಿಯೇ ಒಬ್ಬ ಹುಡುಗ ಮೆಟಾಲನ್ನು ಚಮಚದಲ್ಲಿ ಅಳೆದ, ಅದೂ ಗೋಪುರ ಕಟ್ಟಿ. ನೆಗೆಟಿವ್ ದೀಪದ ಮಸಿಯ ಹಾಗೆ ಬಂತು. ಕೇಳಿದರೆ, “ಅಳತೆ ಮಾಡಿಯೇ ಹಾಕಿದ್ದು ಸರ್.” ಅವನದ್ದು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ.

ತೂಕದಿಂದ, ತೂಕದಲ್ಲಿ, ತೂಕಕ್ಕೆ, ಯಾವುದು? ವಾಲ್ಯೂಮಿಗೆ ಘನಫಲವೋ ಗಾತ್ರವೋ ಪರಿಮಾಣವೋ? ಬೋರ್ಡಿನಲ್ಲಿ ಒಂದೇ ಗೆರೆಗೆ ಜಾಗ. ಶುಕ್ರವಾರ ಬರೆಯುವವರು ಬರ್ತಾರೆ.

ಕೇಳಿದವ, ಉಡುಪಿ

ಮರು:

ಗಾತ್ರ. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಘನಫಲ ಲೆಕ್ಕದ ಪಾಠದ್ದು, ವಿಜ್ಞಾನದಲ್ಲಿ ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಅಂದ ಹಾಗೆ ‘ತೂಕ’ವೂ ತಪ್ಪು. ಗ್ರಾಂ ಎಂಬುದು ದ್ರವ್ಯರಾಶಿಯ ಮಾನ, ತೂಕಕ್ಕೆ ನ್ಯೂಟನ್. ‘ಘನವಸ್ತುಗಳನ್ನು ದ್ರವ್ಯರಾಶಿಯಿಂದಲೂ ದ್ರವಗಳನ್ನು ಗಾತ್ರದಿಂದಲೂ ಅಳೆಯತಕ್ಕದ್ದು.’

ಸುರತ್ಕಲ್

ಮರು: ಮರು:

ಬಂದರಿನಲ್ಲಿ ಒಮ್ಮೆ ಬಂಗುಡೆಯ ದ್ರವ್ಯರಾಶಿ ಎಷ್ಟೆಂದು ಕೇಳಿ ನೋಡಿ, ಮೀನಿನವಳು ಎಂತ ಹೇಳ್ತಾಳೆ ಅಂತ ಇಲ್ಲಿ ಬರೆಯಿರಿ.

ಗಾತ್ರ ಸಂಸ್ಕೃತದಲ್ಲಿ ಮೈ, ಅವಯವ. ಜಾಡಿಯ ನೀರಿಗೆ ಮೈ ಎಲ್ಲಿಂದ? ನಮ್ಮಲ್ಲೇ ‘ತೂಗು’ ಉಂಟು. ಮೂಲದಲ್ಲಿ ನೇತಾಡು, ತೊನೆ: ತೂಗುಮಂಚ, ತೂಗುದೀಪ, ತೂಗುಸೇತುವೆ. ತಮಿಳಿನ ‘ತೂಂಗು’ ನೇತಾಡುವುದೂ ಹೌದು, ನಿದ್ದೆ ಮಾಡುವುದೂ ಹೌದು. ತಕ್ಕಡಿಯ ತಟ್ಟೆ ನೇತಾಡುತ್ತಿತ್ತು, ಆದ್ದರಿಂದ ತೂಕ. ಇಷ್ಟು ಹತ್ತಿರ ಇಟ್ಟುಕೊಂಡು ಪಠ್ಯಪುಸ್ತಕಕ್ಕೆ ಯಾಕೆ ಓಡುವುದು? ಡೆವಲಪರಿಗೂ ‘ಮೂಡುನೀರು’, ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೋಗೆ ‘ನಿಲುನೀರು’ ಎಂದರಾಯಿತು. ಎರವಲು ಸಾಕು.

ಕಾರ್ಕಳ

ಮರು: ಮರು: ಮರು:

ಬ್ಯಾಟರಿ ತಕ್ಕಡಿಯಲ್ಲಿ ಏನೂ ನೇತಾಡುವುದಿಲ್ಲ. ಹಾಗಾದರೆ ಅದರಲ್ಲಿ ತೂಗಬಾರದಾ?

ಸುರತ್ಕಲ್

ಮರು: ಮರು: ಮರು: ಮರು:

ಕಿಟೆಲ್ಲರ ಕನ್ನಡ ನಿಘಂಟು ತೆಗೆದು ನೋಡಿ. ನಿಮ್ಮ ಊರಿನ ಹತ್ತಿರವೇ ಅಚ್ಚಾದದ್ದು.

ಕಾರ್ಕಳ

ಮರು: (ಸ್ವಲ್ಪ ಉದ್ದ, ಕ್ಷಮಿಸಿ)

1894ರ ಕೋಶದಲ್ಲಿ ಮೆಟಾಲ್ ಸಿಗಲಿಕ್ಕಿಲ್ಲ ಮಾರಾಯ್ರೆ. ನಾನು ಹಂಪನಕಟ್ಟೆಯ ಆಚೆ ಬೀದಿಯ ಸ್ಟುಡಿಯೋದಲ್ಲಿ ಹದಿನಾರು ವರ್ಷ ಹೈಪೋ ಕಲಸಿದವ. ನಿಲುನೀರು ಎಂದು ಯಾರಾದರೂ ಕೇಳಿದ್ದರೆ ಮಡಿಕೆಯಲ್ಲಿ ಕುಡಿಯುವ ನೀರು ಕೊಡುತ್ತಿದ್ದೆವು. ಹೈಪೋ ಎಂಬ ಹೆಸರೂ ಈಗ ಸರಿಯಲ್ಲ ಬಿಡಿ. ಅದು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು 1819ರಲ್ಲಿ ವಿಜ್ಞಾನಿ ಜಾನ್ ಹರ್ಷೆಲ್ ಬರೆದಾಗ ಹೈಪೋಸಲ್ಫೈಟ್, ಈಗ ಥಯೋಸಲ್ಫೇಟ್. ರಸಾಯನದವರು ಹೆಸರು ಬದಲಿಸಿದರು, ಕತ್ತಲೆ ಕೋಣೆಯವರು ಬದಲಿಸಲಿಲ್ಲ. ಬಾಯಿಗೆ ಹತ್ತಿದ್ದು ಪದ.

ಪ್ರಶ್ನೆಗೆ ಬರ್ತೇನೆ. ‘ಅಳೆದು ತೂಗಿ’ ಎನ್ನುತ್ತೇವಲ್ಲ, ಎರಡು ಕೆಲಸ ಬೇರೆ ಎಂದು ನುಡಿಗೇ ಗೊತ್ತು. ವಾಲ್ಯೂಮಿಗೆ ನಾಮಪದ ಹುಡುಕುವುದೇ ಬೇಡ, ಕ್ರಿಯಾಪದ ಸಾಕು. ಆದರೆ ಒಂದು ತೊಡಕು. ನಮ್ಮ ಅಜ್ಜಿ ಹಾಲು, ಎಣ್ಣೆ ಅಳೆದದ್ದು ಕುಡ್ತೆಯಲ್ಲಿ. ಅಕ್ಕಿಯನ್ನೂ ಅಳೆದದ್ದೇ, ಸೇರಿನಲ್ಲಿ, ಪಾವಿನಲ್ಲಿ. ತೂಗಿದ್ದು ಬೆಲ್ಲ, ಮೀನು. ಅಂದರೆ ನಮ್ಮಲ್ಲಿ ‘ಅಳೆ’ ದ್ರವದ್ದಲ್ಲ, ಪಾತ್ರೆಯದ್ದು. ಸುರಿಯಬಹುದಾದದ್ದನ್ನೆಲ್ಲ ಅಳೆಯಬಹುದು. ಆ ಹುಡುಗ ಅಜ್ಜಿಯ ಲೆಕ್ಕದಲ್ಲೇ ನಡೆದ.

ಅಕ್ಕಿಗೆ ಅದು ನಡೆಯುತ್ತದೆ, ಕಾಳು ಒಂದೇ ಹದ. ಉಪ್ಪಿಗೇ ನಡೆಯುವುದಿಲ್ಲ: ಒಂದು ಚಮಚ ಕಲ್ಲುಪ್ಪು ಹಾಕಿದ ಸಾರಿಗೂ ಒಂದು ಚಮಚ ಪುಡಿಯುಪ್ಪು ಹಾಕಿದ ಸಾರಿಗೂ ರುಚಿ ಬೇರೆ. ಡಬ್ಬಿ ಕುಟ್ಟಿದರೆ ಪುಡಿ ಕೂರುತ್ತದೆ, ಆಟಿಯ ಮಳೆಯಲ್ಲಿ ಗಂಟು ಕಟ್ಟುತ್ತದೆ. 2 ಗ್ರಾಂ ಬೇಕಾದಲ್ಲಿ ಅರ್ಧ ಗ್ರಾಂ ಆಚೀಚೆ ಆದರೆ ಕಾಲು ಪಾಲೇ ಹೋಯಿತು.

ತೂಗಿದರೂ ಮುಗಿಯಲಿಲ್ಲ. ಸಲ್ಫೈಟ್ ಎರಡು ರೂಪದಲ್ಲಿ ಬರುತ್ತಿತ್ತು, ಪುಡಿ ಮತ್ತು ಹರಳು. ಹರಳಿನೊಳಗೆ ನೀರು ಕೂತಿರುತ್ತದೆ, ಆದ್ದರಿಂದ 100 ಗ್ರಾಂ ಪುಡಿಯ ಕೆಲಸಕ್ಕೆ ಹರಳು 200 ಗ್ರಾಂ. ಬಟ್ಟೆ ಸೋಡಾದ ಹರಳಾದರೆ ಪುಡಿಯ 2.7 ಪಾಲು. ಹಳೇ ಪುಸ್ತಕದಿಂದ ಫಾರ್ಮುಲಾ ತೆಗೆದಿದ್ದರೆ ಔನ್ಸಿಗೂ ಜಾಗ್ರತೆ: ತೂಕದ ಔನ್ಸ್ 28.35 ಗ್ರಾಂ, ದ್ರವದ ಔನ್ಸ್ ಇಂಗ್ಲೆಂಡಿನದ್ದು 28.4 ಮಿಲಿ, ಅಮೆರಿಕದ್ದು 29.6.

ಇನ್ನು ನಿಮ್ಮ ಬೋರ್ಡಿನಲ್ಲಿ ‘1 ಲೀಟರ್ ನೀರು ಸೇರಿಸಿ’ ಎಂದು ಎಲ್ಲಾದರೂ ಇದ್ದರೆ ಇವತ್ತೇ ಅಳಿಸಿ. ‘ನೀರು ಸೇರಿಸಿ 1 ಲೀಟರ್ ಮಾಡಿ’ ಆಗಬೇಕು. ಪದ ಅವೇ, ಜಾಗ ಬೇರೆ, ದ್ರಾವಣವೂ ಬೇರೆ. ನಾವು 750 ಮಿಲಿ ಬಿಸಿನೀರಿನಲ್ಲಿ ಕರಗಿಸಿ, ಕೊನೆಗೆ ಗೆರೆ ಮುಟ್ಟಿಸುತ್ತಿದ್ದೆವು.

ನನ್ನ ಸಲಹೆ: ‘ಪುಡಿ ತೂಗಿ, ದ್ರವ ಅಳೆಯಿರಿ.’

ಮಂಗಳೂರು

ಮರು:

‘ತೂಗಿ’ ವಿಧಿಯೋ, ಪೂರ್ವಕಾಲದ ಕೃದಂತವೋ? ಬೋರ್ಡ್ ಬರೆಯುವವ ಅಲ್ಪವಿರಾಮ ನುಂಗಿದರೆ ಮೊದಲು ಪುಡಿ, ಆಮೇಲೆ ದ್ರವ ಎಂದಾಗುತ್ತದೆ. ನೀವೇ ಹೇಳಿದ 750 ಮಿಲಿಗೆ ವಿರುದ್ಧ. ‘ತೂಗಿರಿ’ ಎನ್ನಿ. (ದ್ರವ್ಯರಾಶಿಯ ಮಾತು ನಾನು ಹಿಂದೆ ತೆಗೆದುಕೊಂಡಿಲ್ಲ.)

ಸುರತ್ಕಲ್

ಮರು:

‘ದ್ರವ’ ಯಾವ ಊರಿನದ್ದು?

ಕಾರ್ಕಳ

ಮರು:

‘ಪುಡಿ ತೂಗಿರಿ, ದ್ರವ ಅಳೆಯಿರಿ’ ಬರೆಸಿ ಆಯಿತು. ದ್ರವದ ಊರು ಈಗ ಉಡುಪಿ. ‘ನೀರು’ ಎಂದರೆ ಅಸಿಟಿಕ್ ಆಸಿಡ್ ಹೊರಗುಳಿಯುತ್ತಿತ್ತು, ಮಕ್ಕಳು ಅದನ್ನು ತಕ್ಕಡಿಗೆ ಸುರಿದಾರು ಎಂದು ಹೆದರಿದೆ.

ಮಂಗಳೂರಿನವರು ಹೇಳಿದ ಮೇಲೆ ಸಲ್ಫೈಟಿನ ಡಬ್ಬಿ ತೆಗೆದು ನೋಡಿದೆ, ನಮ್ಮದು ಪುಡಿ. ಪಕ್ಕದ ಕಾರ್ಬೊನೇಟ್ (ಅದೇ ಬಟ್ಟೆ ಸೋಡಾ) ಹರಳು. ಡಬ್ಬಿಗಳಿಗೆ ಚೀಟಿ ಅಂಟಿಸಬೇಕು. ‘ಅನ್‌ಹೈಡ್ರಸ್’ಗೆ (ಒಳಗೆ ನೀರು ಕೂರದ್ದು) ‘ನಿರ್ಜಲ’ ಎಂದರೆ ಏಕಾದಶಿ ಉಪವಾಸ ನೆನಪಾಗುತ್ತದೆ, ‘ಒಣ’ ಎಂದರೆ ಹರಳೂ ಕೈಗೆ ಒಣಗಿದ್ದೇ. ಬೇರೆ ಏನುಂಟು?

ಕೇಳಿದವ, ಉಡುಪಿ